ಮತ್ತೆ ಮತ್ತೆ ಬರುವ ಟಾನ್ಸಿಲ್ ಸೋಂಕು: ಬ್ಯಾಕ್ಟೀರಿಯಾ ಯಾವುದು, ಆ್ಯಂಟಿಬಯಾಟಿಕ್ ಯಾವುದು?

ಜೂನ್ ತಿಂಗಳಲ್ಲಿ ಶಾಲೆಗಳು ಆರಂಭವಾಗಿ ಮಳೆಯೂ ಹಿಡಿದುಕೊಂಡ ಮೇಲೆ ಬೆಂಗಳೂರಿನ ಮಕ್ಕಳ ವೈದ್ಯರ ಬಳಿ ಗಂಟಲು ನೋವಿನ ರೋಗಿಗಳು ಹೆಚ್ಚುತ್ತಾರೆ. ಅದೇ ಹೊತ್ತಿಗೆ ಬಡಾವಣೆಯ ಮೆಡಿಕಲ್ ಸ್ಟೋರ್‌ಗಳಿಗೂ ಬಿಡುವಿರುವುದಿಲ್ಲ. ಅಲ್ಲಿಗೆ ಬರುವವರಲ್ಲಿ ಹೋದ ವರ್ಷದ ಚೀಟಿ ತಂದವರಿರುತ್ತಾರೆ. ಹೋದ ಸಲ ಗುಣ ಕೊಟ್ಟ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೋ ಮೊಬೈಲಿನಲ್ಲಿ ಅದರ ಫೋಟೊವನ್ನೋ ತೋರಿಸಿ ‘ಇದೇ ಕೊಡಿ’ ಎನ್ನುವವರೂ ಇರುತ್ತಾರೆ. ಮೂರು ಮಾತ್ರೆಗಳ ಅಜಿಥ್ರೊಮೈಸಿನ್ ಸ್ಟ್ರಿಪ್ ಹೀಗೆ ಹೆಚ್ಚುಕಡಿಮೆ ಮನೆಮದ್ದಿನ ಸ್ಥಾನಕ್ಕೆ ಏರಿದೆ. ಇದು ಈ ಒಂದು ಊರಿನ ಮಾತಲ್ಲ. 2019ರ ಖಾಸಗಿ ಔಷಧ ಮಾರಾಟದ ಅಂಕಿಅಂಶಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ದೇಶದಲ್ಲಿ ಅತಿ ಹೆಚ್ಚು ಬಳಕೆಯಾದ ಆ್ಯಂಟಿಬಯಾಟಿಕ್ ಎಂದರೆ 500 ಮಿ.ಗ್ರಾಂ. ಅಜಿಥ್ರೊಮೈಸಿನ್ ಮಾತ್ರೆ; ಎರಡನೆಯದು 200 ಮಿ.ಗ್ರಾಂ. ಸೆಫಿಕ್ಸಿಮ್.

ಒಂದೆರಡು ಸಲ ಹೀಗೆ ಗುಣವಾಗಿ, ಮೂರನೆಯ ಸಲವೂ ಟಾನ್ಸಿಲ್ ಊದಿಕೊಂಡಾಗ ಮನೆಯವರು ವೈದ್ಯರ ಮುಂದಿಡುವ ಬೇಡಿಕೆ ಸಾಮಾನ್ಯವಾಗಿ ಒಂದೇ: ‘ಡಾಕ್ಟ್ರೇ, ಇದಕ್ಕಿಂತ ಸ್ಟ್ರಾಂಗ್ ಆಗಿರೋದು ಏನಾದ್ರೂ ಕೊಡಿ.’ ಆದರೆ ಮರುಕಳಿಸುವ ಟಾನ್ಸಿಲ್ ಸೋಂಕಿನಲ್ಲಿ ಔಷಧದ ಬಲ ಸಾಲದೆ ಹೋಗುವುದು ಅಪರೂಪ. ಸೋಂಕು ಬ್ಯಾಕ್ಟೀರಿಯಾದ್ದೇ ಎಂದು ಖಚಿತವಾಗುವ ಮೊದಲೇ ಔಷಧ ಶುರುವಾಗಿರುತ್ತದೆ, ಶುರುವಾದದ್ದು ಅರ್ಧಕ್ಕೇ ನಿಂತಿರುತ್ತದೆ, ಇಲ್ಲವೇ ಪರೀಕ್ಷೆಯಲ್ಲಿ ಕಂಡ ಬ್ಯಾಕ್ಟೀರಿಯಾ ಆ ಸಲದ ಜ್ವರಕ್ಕೆ ಕಾರಣವೇ ಆಗಿರುವುದಿಲ್ಲ. ಈ ಮೂರನ್ನು ಬಿಡಿಸಿ ನೋಡದೆ ಮೇಲಿನ ದರ್ಜೆಯ ಔಷಧಕ್ಕೆ ಹೋದರೆ ಗಂಟಲಿಗೆ ಲಾಭವಿಲ್ಲ. ನಷ್ಟವಂತೂ ಇದ್ದೇ ಇದೆ, ಅದು ಗಂಟಲನ್ನು ಬಿಟ್ಟು ಬೇರೆ ರೋಗದ ಲೆಕ್ಕಕ್ಕೆ ಹೋಗಿ ಸೇರುತ್ತದೆ.

ಟಾರ್ಚಿನ ಬೆಳಕಿಗೆ ಕಾಣುವುದೆಷ್ಟು

ಗಂಟಲು ನೋವಿನ ಬಹುಪಾಲು ವೈರಸ್‌ಗಳಿಂದ ಬರುವಂಥದ್ದು. ಬ್ಯಾಕ್ಟೀರಿಯಾಗಳ ಪೈಕಿ ಮುಖ್ಯವಾದದ್ದು ‘ಗುಂಪು ಎ’ ಸ್ಟ್ರೆಪ್ಟೊಕಾಕಸ್, ಪೂರ್ತಿ ಹೆಸರು ಸ್ಟ್ರೆಪ್ಟೊಕಾಕಸ್ ಪಯೋಜೀನ್ಸ್. ಗಂಟಲು ನೋವೆಂದು ವೈದ್ಯರ ಬಳಿ ಬರುವ ಮಕ್ಕಳಲ್ಲಿ ಶೇ 20ರಿಂದ 30ರಷ್ಟು, ದೊಡ್ಡವರಲ್ಲಿ ಶೇ 5ರಿಂದ 15ರಷ್ಟು ಪ್ರಕರಣಗಳಿಗೆ ಇದು ಕಾರಣ. ಮೂರು ವರ್ಷದೊಳಗಿನ ಮಕ್ಕಳಲ್ಲಿ ಇನ್ನೂ ಕಡಿಮೆ. ಟಾನ್ಸಿಲ್ ಮೇಲೆ ಬಿಳಿ ಚುಕ್ಕೆಯೋ ಕೀವೋ ಕಂಡರೆ ಅದು ಬ್ಯಾಕ್ಟೀರಿಯಾವೇ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ; ಆದರೆ ಅಡಿನೊವೈರಸ್ ಸೋಂಕಿನಲ್ಲೂ, ಎಪ್‌ಸ್ಟೀನ್-ಬಾರ್ ವೈರಸ್‌ನಿಂದ ಬರುವ ಮಾನೊನ್ಯೂಕ್ಲಿಯೋಸಿಸ್ ಜ್ವರದಲ್ಲೂ ಟಾನ್ಸಿಲ್ ಹಾಗೆಯೇ ಬೆಳ್ಳಗೆ ಕಾಣುತ್ತದೆ. ಈ ಎರಡನೆಯದರಲ್ಲಿ ಅಮಾಕ್ಸಿಸಿಲಿನ್ ಕೊಟ್ಟರೆ ಅನೇಕರಿಗೆ ಮೈತುಂಬ ಕೆಂಪು ಗುಳ್ಳೆ ಏಳುತ್ತದೆ, ಮತ್ತು ಆ ಗುಳ್ಳೆಯನ್ನು ಅಲರ್ಜಿ ಎಂದು ಬರೆದಿಟ್ಟುಬಿಟ್ಟರೆ ಆ ವ್ಯಕ್ತಿಗೆ ಪೆನಿಸಿಲಿನ್ ಕುಟುಂಬದ ಔಷಧಗಳೆಲ್ಲ ಜೀವನಪರ್ಯಂತ ಮುಚ್ಚಿದ ಬಾಗಿಲಾಗುತ್ತವೆ.

ವೈರಸ್ಸೋ ಸ್ಟ್ರೆಪ್ಟೊಕಾಕಸ್ಸೋ ಎಂದು ಅಂದಾಜಿಸಲು ವೈದ್ಯರು ಬಳಸುವ ಅಳತೆಗೋಲು ಹಳೆಯದು, ಸರಳವಾದದ್ದು. 1981ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಸೆಂಟರ್ ಮತ್ತು ಸಂಗಡಿಗರು ರೂಪಿಸಿದ ಆ ಲೆಕ್ಕದಲ್ಲಿ ನಾಲ್ಕು ಅಂಶಗಳಿವೆ: ಜ್ವರ, ಟಾನ್ಸಿಲ್ ಮೇಲಿನ ಕೀವಿನ ಪದರ, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು, ಮತ್ತು ಕೆಮ್ಮು ಇಲ್ಲದಿರುವುದು. 1998ರಲ್ಲಿ ಕೆನಡಾದ ಮ್ಯಾಕ್‌ಐಸಾಕ್ ಇದಕ್ಕೆ ವಯಸ್ಸನ್ನು ಸೇರಿಸಿದರು; 3ರಿಂದ 14 ವರ್ಷದವರಿಗೆ ಒಂದು ಅಂಕ ಹೆಚ್ಚು, 45 ದಾಟಿದವರಿಗೆ ಒಂದು ಕಡಿಮೆ. ಗಮನಿಸಬೇಕಾದ ಸಂಗತಿ ಎಂದರೆ, ಅಂಕ ನಾಲ್ಕಕ್ಕೆ ಏರಿದಾಗಲೂ ಸ್ಟ್ರೆಪ್ಟೊಕಾಕಸ್ ಸಿಗುವುದು ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಮಾತ್ರ. ಅಂಕ ಸೊನ್ನೆ ಅಥವಾ ಒಂದಾಗಿದ್ದರೆ ಆ ಸಾಧ್ಯತೆ ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಮೂಗು ಸೋರುತ್ತಿದೆ, ಕೆಮ್ಮಿದೆ, ಸ್ವರ ಕಟ್ಟಿದೆ, ಕಣ್ಣು ಕೆಂಪಾಗಿದೆ ಎಂದಾದರೆ ಆ್ಯಂಟಿಬಯಾಟಿಕ್ ಮಾತು ತೆಗೆಯುವ ಅಗತ್ಯವೇ ಸಾಮಾನ್ಯವಾಗಿ ಇರುವುದಿಲ್ಲ.

ನಡುವಿನ ಅಂಕ ಬಂದವರಿಗೆ ಪರೀಕ್ಷೆ ಬೇಕು. ಗಂಟಲಿನ ಸ್ವ್ಯಾಬ್‌ನಿಂದ ಕೆಲವೇ ನಿಮಿಷಗಳಲ್ಲಿ ಉತ್ತರ ಹೇಳುವ ರ‍್ಯಾಪಿಡ್ ಆ್ಯಂಟಿಜೆನ್ ಪರೀಕ್ಷೆ ಇದೆ. ಅದು ‘ಇದೆ’ ಎಂದರೆ ಬಹುಮಟ್ಟಿಗೆ ನಂಬಬಹುದು; ಇರುವ ಸೋಂಕಿನಲ್ಲಿ ನೂರಕ್ಕೆ ಸುಮಾರು 15ನ್ನು ಅದು ತಪ್ಪಿಸಿಬಿಡುತ್ತದೆ. ಕೋವಿಡ್ ಕಾಲದಲ್ಲಿ ಇಂಥದೇ ಕಿಟ್‌ಗಳನ್ನು ಮನೆಯಲ್ಲೇ ಬಳಸಲು ಕಲಿತ ನಗರದ ಸಣ್ಣ ಕ್ಲಿನಿಕ್‌ಗಳಲ್ಲಿ ಗಂಟಲಿನ ಈ ಕಿಟ್ ಇನ್ನೂ ಅಪರೂಪವೇ. ಕಲ್ಚರ್, ಅಂದರೆ ಸ್ವ್ಯಾಬ್‌ನಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿದರೆ ರಿಪೋರ್ಟ್ ಬರಲು ಒಂದರಿಂದ ಎರಡು ದಿನ. ಅಷ್ಟು ದಿನ ಕಾಯುವುದೇ ಎಂದು ಮನೆಯವರು ಗಾಬರಿಯಾಗುತ್ತಾರೆ. ಆದರೆ ಸ್ಟ್ರೆಪ್ಟೊಕಾಕಸ್ ಸೋಂಕಿನ ನಂತರ ಬರಬಹುದಾದ, ಹೃದಯದ ಕವಾಟವನ್ನು ಕೆಡಿಸುವ ರುಮ್ಯಾಟಿಕ್ ಜ್ವರವನ್ನು ತಡೆಯಲು ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಔಷಧ ಆರಂಭಿಸಿದರೂ ಸಾಕೆಂಬುದು 1950ರ ದಶಕದಿಂದ ತಿಳಿದ ಮಾತು. ಮಗು ನೀರು ಕುಡಿಯುತ್ತಿದ್ದರೆ, ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ, ಪ್ಯಾರಾಸಿಟಮಾಲ್ ಮತ್ತು ಬಿಸಿ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದರ ಮೇಲೆ ರಿಪೋರ್ಟ್ ಬರುವ ತನಕ ಕಾಯುವುದರಲ್ಲಿ ಅಪಾಯವಿಲ್ಲ.

ಸೋಲದ ಔಷಧ, ಮರಳಿ ಬರುವ ರೋಗ

ಪೆನಿಸಿಲಿನ್ ಬಳಕೆಗೆ ಬಂದು ಎಂಟು ದಶಕ ಕಳೆದಿದೆ. ಈ ಅವಧಿಯಲ್ಲಿ ಎಷ್ಟೋ ಬ್ಯಾಕ್ಟೀರಿಯಾಗಳು ಅದನ್ನು ಮೀರಿ ಬೆಳೆದಿವೆ. ಸ್ಟ್ರೆಪ್ಟೊಕಾಕಸ್ ಪಯೋಜೀನ್ಸ್ ಮಾತ್ರ ಇಂದಿಗೂ ಪೆನಿಸಿಲಿನ್‌ಗೆ ಬಗ್ಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದರ ಒಂದು ಪ್ರೊಟೀನ್‌ನಲ್ಲಿ ಸಣ್ಣ ಬದಲಾವಣೆಗಳಾಗಿರುವುದನ್ನು ಸಂಶೋಧಕರು ಗುರುತಿಸಿದ್ದಾರಾದರೂ, ಚಿಕಿತ್ಸೆಯನ್ನು ಬದಲಿಸಬೇಕಾದ ಮಟ್ಟಕ್ಕೆ ಅದು ಮುಟ್ಟಿಲ್ಲ. ಅಮಾಕ್ಸಿಸಿಲಿನ್ ಇದೇ ಕುಟುಂಬದ್ದು. ಅಂದಮೇಲೆ ‘ಅಮಾಕ್ಸಿಸಿಲಿನ್ ನಮ್ಮ ಮಗುವಿಗೆ ನಾಟುವುದಿಲ್ಲ’ ಎಂಬ ಮಾತಿಗೆ ಈ ಬ್ಯಾಕ್ಟೀರಿಯಾದ ಮಟ್ಟಿಗೆ ಪ್ರಯೋಗಾಲಯದ ಆಧಾರವಿಲ್ಲ. ಹಾಗಿದ್ದರೆ ಸೋಂಕು ಮತ್ತೆ ಮತ್ತೆ ಬರುವುದೇಕೆ?

ಮೊದಲ ಕಾರಣ ಬ್ಯಾಕ್ಟೀರಿಯಾದ ವೈವಿಧ್ಯ. ಅದರ ಮೇಲ್ಮೈಯಲ್ಲಿರುವ ‘ಎಂ ಪ್ರೊಟೀನ್’ ಆಧರಿಸಿ ಇನ್ನೂರಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ, ಮತ್ತು ಒಂದು ಬಗೆಯ ಸೋಂಕಿನಿಂದ ಬಂದ ರಕ್ಷಣೆ ಇನ್ನೊಂದು ಬಗೆಗೆ ಹೆಚ್ಚಾಗಿ ಒದಗುವುದಿಲ್ಲ. ಒಂದೇ ತರಗತಿಯಲ್ಲಿ ನಲವತ್ತು ಮಕ್ಕಳು, ಶಾಲಾ ವ್ಯಾನಿನಲ್ಲಿ ಒತ್ತೊತ್ತಾಗಿ ಹದಿನೈದು ಮಕ್ಕಳು ಇರುವಲ್ಲಿ ಜುಲೈನಲ್ಲಿ ಬಂದದ್ದೂ ಸೆಪ್ಟೆಂಬರಿನಲ್ಲಿ ಬಂದದ್ದೂ ಬೇರೆ ಬೇರೆ ಬಗೆಯವಾಗಿರುವುದು ಸಹಜ. ಇದು ಮರುಕಳಿಕೆ ಅಲ್ಲ, ಹೊಸ ಸೋಂಕು, ಔಷಧ ಸೋತಿಲ್ಲ. ಮನೆಯೊಳಗೇ ಅಣ್ಣನಿಂದ ತಂಗಿಗೆ, ತಂಗಿಯಿಂದ ಅಮ್ಮನಿಗೆ ದಾಟಿ ಸುತ್ತು ಹೊಡೆಯುವ ಸೋಂಕೂ ಉಂಟು.

ಎರಡನೆಯ ಕಾರಣ ಮಾತ್ರೆಯ ಲೆಕ್ಕದಲ್ಲಿದೆ, ಮತ್ತು ಇದಕ್ಕೆ ಸಲ್ಲಬೇಕಾದಷ್ಟು ಗಮನ ಸಲ್ಲುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ಮಕ್ಕಳಿಗೆ ಬರೆಯುವ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಡ್ರೈ ಸಿರಪ್ ಸಾಮಾನ್ಯವಾಗಿ 30 ಮಿ.ಲೀ. ಬಾಟಲಿಯಲ್ಲಿ ಬರುತ್ತದೆ. ಹೊತ್ತಿಗೆ 5 ಮಿ.ಲೀ.ಯಂತೆ ದಿನಕ್ಕೆ ಎರಡು ಸಲ ಹಾಕಿದರೆ ಮೂರೇ ದಿನಕ್ಕೆ ಬಾಟಲಿ ಖಾಲಿ. ಚೀಟಿಯಲ್ಲಿ ಹತ್ತು ದಿನವೆಂದು ಬರೆದಿದ್ದರೂ ಅಂಗಡಿಯವರು ಕೊಡುವುದು ಒಂದು ಬಾಟಲಿ, ಮನೆಯವರು ಕೇಳುವುದೂ ಒಂದೇ ಬಾಟಲಿ. ಮೂರನೆಯ ದಿನಕ್ಕೆ ಜ್ವರ ಇಳಿದು ಮಗು ಆಟಕ್ಕೆ ಹೋಗುವಷ್ಟಾಗಿರುತ್ತದೆ, ಬಾಟಲಿಯೂ ಮುಗಿದಿರುತ್ತದೆ. ಕೋರ್ಸ್ ಮುಗಿಯಿತೆಂದು ಎಲ್ಲರೂ ತಿಳಿಯುತ್ತಾರೆ. ನೀರು ಬೆರೆಸಿದ ಈ ಸಿರಪ್ಪನ್ನು ಫ್ರಿಜ್‌ನಲ್ಲಿ ಇಟ್ಟರೂ ಏಳು ದಿನಕ್ಕಿಂತ ಹೆಚ್ಚು ಬಳಸುವಂತಿಲ್ಲವಾದ್ದರಿಂದ, ಬಾಟಲಿಗಳನ್ನೆಲ್ಲ ಒಟ್ಟಿಗೆ ಕಲಸಿಟ್ಟುಕೊಳ್ಳುವುದೂ ಸರಿಯಲ್ಲ. ಆರೇಳು ವರ್ಷದ ಮಗುವಿಗೆ ಅಮಾಕ್ಸಿಸಿಲಿನ್‌ನ ಕರಗುವ ಮಾತ್ರೆ ಇದಕ್ಕಿಂತ ಅಗ್ಗ, ದಿನ ಎಣಿಸುವುದೂ ಸುಲಭ.

ಮೂರನೆಯದು ಟಾನ್ಸಿಲ್‌ನ ರಚನೆ. ಪ್ರತಿ ಟಾನ್ಸಿಲ್‌ನ ಮೇಲ್ಮೈಯಿಂದ ಒಳಕ್ಕೆ ಹತ್ತಾರು ಆಳವಾದ ಬಿರುಕುಗಳಿವೆ. ಅವುಗಳಲ್ಲಿ ಬ್ಯಾಕ್ಟೀರಿಯಾಗಳು ಅಂಟುಪದರ ಕಟ್ಟಿಕೊಂಡು ವಾಸಿಸುವುದನ್ನು, ಸ್ಟ್ರೆಪ್ಟೊಕಾಕಸ್ ಅಂಗಾಂಶದ ಕೋಶಗಳ ಒಳಗೇ ಸೇರಿಕೊಂಡಿರುವುದನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಟಾನ್ಸಿಲ್‌ಗಳಲ್ಲಿ ನೋಡಲಾಗಿದೆ. ಪೆನಿಸಿಲಿನ್ ಕೋಶದೊಳಕ್ಕೆ ಚೆನ್ನಾಗಿ ಇಳಿಯುವುದಿಲ್ಲ. ಜೊತೆಗೆ ಅದೇ ಬಿರುಕುಗಳಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್, ಹೀಮೋಫಿಲಸ್ ಇನ್‌ಫ್ಲುಯೆಂಜೆ, ಮೊರಾಕ್ಸೆಲ್ಲಾ, ಮತ್ತು ಆಮ್ಲಜನಕವಿಲ್ಲದೆಯೂ ಬದುಕುವ ಪ್ರೆವೊಟೆಲ್ಲಾ, ಫ್ಯೂಸೊಬ್ಯಾಕ್ಟೀರಿಯಂನಂಥವು ಇರುತ್ತವೆ. ಇವುಗಳಲ್ಲಿ ಅನೇಕವು ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ಸುರಿಸಿ ಪೆನಿಸಿಲಿನ್ ಅನ್ನು ಒಡೆಯುತ್ತವೆ. ಆ ಕಿಣ್ವ ಇಲ್ಲದ ಸ್ಟ್ರೆಪ್ಟೊಕಾಕಸ್‌ಗೆ ಪಕ್ಕದವರು ಕೊಡೆ ಹಿಡಿದಂತಾಗುತ್ತದೆ. ಸರಿಯಾದ ಪ್ರಮಾಣದಲ್ಲಿ ಪೂರ್ತಿ ದಿನ ಅಮಾಕ್ಸಿಸಿಲಿನ್ ಕೊಟ್ಟ ಮೇಲೂ ಕೆಲವೇ ವಾರಗಳಲ್ಲಿ ಅದೇ ರೋಗ ಬಂದರೆ ಈ ವಿವರಣೆಗೆ ತೂಕ ಬರುತ್ತದೆ. ಸಿರಪ್ಪನ್ನು ಮೂರೇ ದಿನ ಕುಡಿದ ಮಗುವಿನ ವಿಷಯದಲ್ಲಿ ಇದನ್ನು ಎಳೆದು ತರಬೇಕಾಗಿಲ್ಲ.

ಇನ್ನೊಂದು ಕಾರಣ ರೋಗಿಯ ದೇಹದಲ್ಲೇ ಇರಬಹುದು. ಕ್ಯಾಲಿಫೋರ್ನಿಯಾದ ಲಾ ಹೋಯಾ ಸಂಸ್ಥೆಯ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟಾನ್ಸಿಲ್ ಸೋಂಕು ಮರುಕಳಿಸುವ ಮಕ್ಕಳಲ್ಲಿ ಸ್ಟ್ರೆಪ್ಟೊಕಾಕಸ್‌ನ ಒಂದು ವಿಷದ ವಿರುದ್ಧ ಪ್ರತಿಕಾಯಗಳು ಕಡಿಮೆ ಇರುವುದು ಕಂಡುಬಂತು. ಪ್ರತಿಕಾಯ ತಯಾರಿಗೆ ನೆರವಾಗಬೇಕಾದ ಟಿ ಕೋಶಗಳನ್ನು ಆ ವಿಷವೇ ದಾರಿ ತಪ್ಪಿಸಿ, ಅವು ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನೇ ಕೊಲ್ಲುವಂತೆ ಮಾಡುತ್ತದೆ ಎಂಬುದು ಅವರ ವಿವರಣೆ. ಕೆಲವು ಮನೆಗಳಲ್ಲಿ ಒಬ್ಬ ಮಗುವಿಗೆ ಮಾತ್ರ ಪದೇ ಪದೇ ಬರುವುದಕ್ಕೂ, ಅಪ್ಪನಿಗೋ ಅಮ್ಮನಿಗೋ ಚಿಕ್ಕಂದಿನಲ್ಲಿ ಟಾನ್ಸಿಲ್ ತೆಗೆಸಿದ ಚರಿತ್ರೆ ಇರುವುದಕ್ಕೂ ಇದರಿಂದ ಒಂದಷ್ಟು ಅರ್ಥ ಸಿಗುತ್ತದೆ.

ರಿಪೋರ್ಟಿನಲ್ಲಿ ಬರೆದದ್ದೆಲ್ಲ ರೋಗವಲ್ಲ

ಗಂಟಲು ಕಲ್ಚರ್‌ನ ಒಂದು ಮಾಮೂಲಿ ರಿಪೋರ್ಟ್ ತೆಗೆದು ನೋಡಿ. ಮೇಲೆ ‘ಸ್ಟ್ಯಾಫಿಲೊಕಾಕಸ್ ಆರಿಯಸ್ ಬೆಳೆದಿದೆ’ ಎಂಬ ಒಂದು ಸಾಲು, ಅದರ ಕೆಳಗೆ ಹದಿನೈದಿಪ್ಪತ್ತು ಆ್ಯಂಟಿಬಯಾಟಿಕ್‌ಗಳ ಪಟ್ಟಿ, ಎದುರಿಗೆ ಯಾವುದಕ್ಕೆ ಬಗ್ಗುತ್ತದೆ ಯಾವುದಕ್ಕೆ ಇಲ್ಲ ಎಂಬ ಗುರುತು. ಪಟ್ಟಿಯ ಕೊನೆಯಲ್ಲಿ ಆಸ್ಪತ್ರೆಯ ಐಸಿಯುನಲ್ಲಿ ಮಾತ್ರ ಬಳಸಬೇಕಾದ ಇಂಜೆಕ್ಷನ್‌ಗಳ ಹೆಸರುಗಳೂ ಇರುತ್ತವೆ. ಇದನ್ನು ಹಿಡಿದ ಮನೆಯವರು ಪೆನಿಸಿಲಿನ್ ಎದುರು ‘ಬಗ್ಗುವುದಿಲ್ಲ’ ಎಂಬ ಗುರುತು ಕಂಡು ಹೌಹಾರುವುದು ಸಹಜವೇ. ಆದರೆ ಸ್ಟ್ಯಾಫಿಲೊಕಾಕಸ್ ಆರೋಗ್ಯವಂತರ ಮೂಗು ಗಂಟಲುಗಳಲ್ಲೂ ಇರುವಂಥದ್ದು. ಅದೊಂದೇ ಟಾನ್ಸಿಲ್ ಸೋಂಕನ್ನು ತರುತ್ತದೆ ಎನ್ನಲು ಪುರಾವೆ ದುರ್ಬಲ. ಹೀಮೋಫಿಲಸ್ ಮತ್ತು ಮೊರಾಕ್ಸೆಲ್ಲಾ ವಿಷಯವೂ ಹೀಗೆಯೇ. ಮೇಲಾಗಿ ಸ್ವ್ಯಾಬ್ ಮುಟ್ಟುವುದು ಟಾನ್ಸಿಲ್‌ನ ಮೇಲ್ಮೈಯನ್ನು. ತೆಗೆದ ಟಾನ್ಸಿಲ್‌ಗಳನ್ನು ಸೀಳಿ ಒಳತಿರುಳಿನಿಂದ ಕಲ್ಚರ್ ಮಾಡಿದಾಗ ಹೊರಗಿನದಕ್ಕಿಂತ ಬೇರೆಯೇ ಬ್ಯಾಕ್ಟೀರಿಯಾ ಸಿಕ್ಕ ಉದಾಹರಣೆಗಳು ಬೇಕಾದಷ್ಟಿವೆ. ಆದ್ದರಿಂದ ಗಂಟಲು ಕಲ್ಚರ್‌ನಿಂದ ಕೇಳಬೇಕಾದ ಪ್ರಶ್ನೆ ಸ್ಟ್ರೆಪ್ಟೊಕಾಕಸ್ ಇದೆಯೇ ಇಲ್ಲವೇ ಎಂಬುದಷ್ಟೇ.

ಅದು ಇದೆ ಎಂದು ಬಂದಾಗಲೂ ಒಂದು ತೊಡಕು ಉಳಿಯುತ್ತದೆ. ಶಾಲಾ ಮಕ್ಕಳಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿ ಯಾವ ತೊಂದರೆಯೂ ಇಲ್ಲದೆ ಈ ಬ್ಯಾಕ್ಟೀರಿಯಾವನ್ನು ಗಂಟಲಲ್ಲಿ ಇಟ್ಟುಕೊಂಡಿರುತ್ತಾರೆ. ಇವರನ್ನು ವಾಹಕರು ಎನ್ನುತ್ತಾರೆ. ವಾಹಕ ಮಗುವಿಗೆ ವರ್ಷದಲ್ಲಿ ಐದು ಸಲ ವೈರಲ್ ಗಂಟಲು ನೋವು ಬಂದು ಐದು ಸಲವೂ ಪರೀಕ್ಷೆ ಮಾಡಿಸಿದರೆ ಐದೂ ಸಲ ‘ಪಾಸಿಟಿವ್’ ಬರಬಹುದು. ಕಾಗದದ ಮೇಲೆ ಅದು ಔಷಧಕ್ಕೆ ಜಗ್ಗದ ಸೋಂಕಿನಂತೆ ಕಾಣುತ್ತದೆ. ವಾಹಕ ಸ್ಥಿತಿಯಲ್ಲಿ ಬೇರೆಯವರಿಗೆ ಹರಡುವ ಸಂಭವವೂ, ರುಮ್ಯಾಟಿಕ್ ಜ್ವರದ ಅಪಾಯವೂ ತೀರ ಕಡಿಮೆ. ಪೆನಿಸಿಲಿನ್‌ನಿಂದ ಅದು ಹೋಗುವುದೂ ಕಷ್ಟ. ಕೆಮ್ಮು ನೆಗಡಿ ಜೊತೆಗಿತ್ತೇ, ಔಷಧ ಕೊಟ್ಟ ಒಂದೆರಡು ದಿನದಲ್ಲಿ ಸ್ಪಷ್ಟ ಇಳಿಕೆ ಕಂಡಿತೇ, ಆರೋಗ್ಯವಾಗಿದ್ದಾಗ ತೆಗೆದ ಸ್ವ್ಯಾಬ್‌ನಲ್ಲೂ ಬ್ಯಾಕ್ಟೀರಿಯಾ ಇದೆಯೇ ಎಂಬುದರಿಂದ ವಾಹಕರನ್ನು ಗುರುತಿಸಬಹುದು.

ಇದಕ್ಕಿಂತ ಹೆಚ್ಚು ಗೊಂದಲ ಎಬ್ಬಿಸಿರುವುದು ಎಎಸ್‌ಓ ಟೈಟರ್ ಎಂಬ ರಕ್ತಪರೀಕ್ಷೆ. ನಗರದ ಯಾವ ಲ್ಯಾಬಿನಲ್ಲಾದರೂ ಸುಲಭವಾಗಿ ಆಗುವ ಈ ಪರೀಕ್ಷೆ, ಕೆಲವು ವಾರಗಳ ಹಿಂದೆ ಸ್ಟ್ರೆಪ್ಟೊಕಾಕಸ್ ಸೋಂಕು ಬಂದು ಹೋಗಿದೆ ಎಂಬುದನ್ನಷ್ಟೇ ಹೇಳುತ್ತದೆ. ಸೋಂಕಿನ ನಂತರ ಮೂರರಿಂದ ಆರು ವಾರಕ್ಕೆ ಆ ಅಂಕಿ ತುತ್ತತುದಿಗೆ ಏರಿ, ಆಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಇಂದಿನ ಗಂಟಲು ನೋವಿಗೆ ಕಾರಣವೇನೆಂದು ಅದರಿಂದ ಗೊತ್ತಾಗದು. ರುಮ್ಯಾಟಿಕ್ ಜ್ವರದ ಲಕ್ಷಣಗಳಾದ ಕೀಲಿನಿಂದ ಕೀಲಿಗೆ ದಾಟುವ ಊತ, ಹೃದಯದ ಉರಿಯೂತ, ಕೈಕಾಲುಗಳ ಅಂಕೆಯಿಲ್ಲದ ಚಲನೆ ಇತ್ಯಾದಿ ಕಂಡಾಗ ಅದಕ್ಕೆ ಬೆಲೆ ಇದೆ. ಇವ್ಯಾವುವೂ ಇಲ್ಲದೆ, ಎಎಸ್‌ಓ 400 ಬಂತೆಂಬ ಒಂದೇ ಕಾರಣಕ್ಕೆ ಮಗುವಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಶುರು ಮಾಡುವುದು ಸಮರ್ಥನೀಯವಲ್ಲ. ಆ ಅಂಕಿ ಇಳಿಯಿತೇ ಎಂದು ತಿಂಗಳು ತಿಂಗಳೂ ರಕ್ತ ಕೊಡಿಸುವುದಂತೂ ದುಡ್ಡಿಗೂ ದಂಡ, ಮಗುವಿಗೂ ಹಿಂಸೆ.

ಸ್ಟ್ರೆಪ್ಟೊಕಾಕಸ್ ಅಲ್ಲದಿದ್ದರೂ ನಿಜವಾಗಿ ಗಮನಿಸಬೇಕಾದ ಬ್ಯಾಕ್ಟೀರಿಯಾ ಎರಡಿವೆ. ಒಂದು, ಕಾಲೇಜು ವಯಸ್ಸಿನವರಲ್ಲಿ ಕಾಣುವ ಫ್ಯೂಸೊಬ್ಯಾಕ್ಟೀರಿಯಂ ನೆಕ್ರೊಫೋರಂ. ಅಮೆರಿಕದ ಅಲಬಾಮಾದ ವಿದ್ಯಾರ್ಥಿಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಟಲು ನೋವಿನ ಸುಮಾರು ಐದರಲ್ಲಿ ಒಬ್ಬರಲ್ಲಿ ಇದು ಸಿಕ್ಕಿತ್ತು. ಮಾಮೂಲಿ ಕಲ್ಚರ್‌ನಲ್ಲಿ ಇದು ಬೆಳೆಯುವುದಿಲ್ಲ. ಅಪರೂಪಕ್ಕೆ ಕತ್ತಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿಸಿ ರಕ್ತಕ್ಕೆ ಹರಡಿ ಪ್ರಾಣಕ್ಕೇ ಎರವಾಗುತ್ತದೆ. ಅಜಿಥ್ರೊಮೈಸಿನ್ ಇದರ ಮೇಲೆ ನೆಚ್ಚಿಕೊಳ್ಳುವಷ್ಟು ಕೆಲಸ ಮಾಡುವುದಿಲ್ಲ, ಪೆನಿಸಿಲಿನ್ ಕುಟುಂಬ ಮಾಡುತ್ತದೆ. ಗಂಟಲು ನೋವು ನಾಲ್ಕೈದು ದಿನದ ಮೇಲೂ ಏರುತ್ತಾ ಹೋಗಿ, ಚಳಿ ನಡುಕದ ಜ್ವರ ಮತ್ತು ಕತ್ತಿನ ಒಂದೇ ಬದಿಯ ಊತ ಬಂದರೆ ಮಾತ್ರೆ ಬದಲಿಸುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು. ಬಾಯಿ ಅಗಲಿಸಲು ಆಗದಿರುವುದು, ಜೊಲ್ಲು ನುಂಗಲಾಗದಿರುವುದು, ಟಾನ್ಸಿಲ್ ಪಕ್ಕ ಕೀವು ತುಂಬಿದ್ದರ ಲಕ್ಷಣ. ಅದೂ ಆಸ್ಪತ್ರೆಯ ಕೆಲಸವೇ. ಎರಡನೆಯದು ಗಂಟಲಮಾರಿ, ಅಂದರೆ ಡಿಫ್ತೀರಿಯಾ. ಬೂದು ಬಣ್ಣದ, ಒರೆಸಿದರೆ ರಕ್ತ ಬರುವ ಪೊರೆ ಕಂಡಾಗ, ಅದರಲ್ಲೂ ಲಸಿಕೆ ಪೂರ್ತಿಯಾಗದ ಮಗುವಿನಲ್ಲಿ, ಇದು ವೈದ್ಯರ ನೆನಪಿಗೆ ಬರಲೇಬೇಕು. ನಮ್ಮ ರಾಜ್ಯದಲ್ಲಿ ಅದು ಪೂರ್ತಿ ಅಳಿದಿಲ್ಲ, ಮತ್ತು ಅದಕ್ಕೆ ಆ್ಯಂಟಿಬಯಾಟಿಕ್ ಒಂದೇ ಸಾಲದು, ಅದರ ವಿಷವನ್ನು ತಡೆಯುವ ಆ್ಯಂಟಿಟಾಕ್ಸಿನ್ ಬೇಕು. ಹತ್ತು ಮತ್ತು ಹದಿನಾರು ವರ್ಷಕ್ಕೆ ಕೊಡುವ, ಧನುರ್ವಾಯು ಮತ್ತು ಡಿಫ್ತೀರಿಯಾ ತಡೆಯುವ ಟಿಡಿ ಲಸಿಕೆಯನ್ನು ಎಷ್ಟೋ ಮನೆಗಳಲ್ಲಿ ಮರೆತೇಬಿಡುತ್ತಾರೆ.

ಆಯ್ಕೆ ಮತ್ತು ಅದರ ಬೆಲೆ

ಸ್ಟ್ರೆಪ್ಟೊಕಾಕಸ್ ಎಂದು ಖಚಿತವಾದರೆ ಮೊದಲ ಆಯ್ಕೆ ಪೆನಿಸಿಲಿನ್ ವಿ ಅಥವಾ ಅಮಾಕ್ಸಿಸಿಲಿನ್. ಪೆನಿಸಿಲಿನ್ ವಿ ನಮ್ಮ ಮೆಡಿಕಲ್ ಸ್ಟೋರ್‌ಗಳಲ್ಲಿ ಸುಲಭವಾಗಿ ಸಿಗದ ಕಾರಣ ವ್ಯವಹಾರದಲ್ಲಿ ಉಳಿಯುವುದು ಅಮಾಕ್ಸಿಸಿಲಿನ್: ಮಕ್ಕಳಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 50 ಮಿ.ಗ್ರಾಂ., ಹೆಚ್ಚೆಂದರೆ 1,000 ಮಿ.ಗ್ರಾಂ., ಹತ್ತು ದಿನ. ಇಪ್ಪತ್ತು ಕಿಲೋ ತೂಕದ ಮಗುವಿಗೇ ಆ ಮಿತಿ ಮುಟ್ಟುತ್ತದೆ. ದಿನಕ್ಕೆ ಒಂದೇ ಸಲ ಕೊಟ್ಟರೂ ಆಗುತ್ತದೆ ಎಂಬುದು ಶಾಲೆಗೆ ಹೋಗುವ ಮಕ್ಕಳ ಮನೆಯವರಿಗೆ ದೊಡ್ಡ ಅನುಕೂಲ. ಹತ್ತು ದಿನ ಮಾತ್ರೆ ನುಂಗಿಸುವುದು ಅಸಾಧ್ಯ ಎನ್ನುವಲ್ಲಿ ಬೆಂಜಥೀನ್ ಪೆನಿಸಿಲಿನ್‌ನ ಒಂದೇ ಇಂಜೆಕ್ಷನ್ ಸಾಕು: 27 ಕಿಲೋಗಿಂತ ಕಡಿಮೆ ತೂಕಕ್ಕೆ 6 ಲಕ್ಷ ಯೂನಿಟ್, ಅದಕ್ಕಿಂತ ಹೆಚ್ಚಿದ್ದರೆ 12 ಲಕ್ಷ. ನೋವು ಜೋರು, ಅಲರ್ಜಿಯ ಭಯದಿಂದ ಅನೇಕ ಕ್ಲಿನಿಕ್‌ಗಳು ಇದನ್ನು ಕೊಡಲು ಹಿಂಜರಿಯುತ್ತವೆ. ತುರ್ತು ಚಿಕಿತ್ಸೆಯ ವ್ಯವಸ್ಥೆ ಇರುವಲ್ಲೇ ಕೊಡಿಸಬೇಕಾದ ಔಷಧ ಇದು.

ಪೆನಿಸಿಲಿನ್ ಅಲರ್ಜಿ ಸೌಮ್ಯವಾಗಿದ್ದರೆ ಸೆಫಲೆಕ್ಸಿನ್ ಹತ್ತು ದಿನ. ಉಸಿರು ಕಟ್ಟುವಷ್ಟು ತೀವ್ರ ಅಲರ್ಜಿ ಇದ್ದರೆ ಮಾತ್ರ ಅಜಿಥ್ರೊಮೈಸಿನ್ ಅಥವಾ ಕ್ಲಿಂಡಮೈಸಿನ್ ಸರದಿ. ಅಜಿಥ್ರೊಮೈಸಿನ್ ಕೊಡುವಾಗಲೂ ನಮ್ಮ ರೂಢಿಯಲ್ಲಿ ಒಂದು ಎಡವಟ್ಟಿದೆ. ಮಕ್ಕಳಿಗೆ ಶಿಫಾರಸಾಗಿರುವುದು ದಿನಕ್ಕೆ ಕಿಲೋಗೆ 12 ಮಿ.ಗ್ರಾಂ.ನಂತೆ ಐದು ದಿನ, ಅಂದರೆ ಕಿಲೋಗೆ ಒಟ್ಟು 60 ಮಿ.ಗ್ರಾಂ. ಎಲ್ಲ ಕಡೆ ಕೊಡುವ 10 ಮಿ.ಗ್ರಾಂ.ನ ಮೂರು ದಿನದ ಲೆಕ್ಕದಲ್ಲಿ ಒಟ್ಟು 30 ಮಾತ್ರ. ಸ್ಟ್ರೆಪ್ಟೊಕಾಕಸ್ ಅನ್ನು ನಿರ್ಮೂಲ ಮಾಡುವುದರಲ್ಲಿ ಈ ಅರ್ಧ ಪ್ರಮಾಣ ಹಿಂದೆ ಬೀಳುತ್ತದೆ ಎಂದು ಹಲವು ಪ್ರಯೋಗಗಳ ಒಟ್ಟಾರೆ ವಿಶ್ಲೇಷಣೆ ತೋರಿಸಿದೆ. ಈ ಔಷಧ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ. ಕೊನೆಯ ಮಾತ್ರೆಯ ನಂತರವೂ ದಿನಗಟ್ಟಲೆ ಅಲ್ಪ ಪ್ರಮಾಣದಲ್ಲಿ ಉಳಿದು, ಬಾಯಿ ಗಂಟಲಿನ ಬ್ಯಾಕ್ಟೀರಿಯಾಗಳಿಗೆ ಪ್ರತಿರೋಧ ಕಲಿಯಲು ಅವಕಾಶ ಕೊಡುತ್ತದೆ. ಪೆನಿಸಿಲಿನ್‌ಗೆ ಎಂದೂ ಸೆಡ್ಡು ಹೊಡೆಯದ ಸ್ಟ್ರೆಪ್ಟೊಕಾಕಸ್ ಅಜಿಥ್ರೊಮೈಸಿನ್‌ಗೆ ಪ್ರತಿರೋಧ ಬೆಳೆಸಿಕೊಂಡ ವರದಿಗಳು ಹಲವು ದೇಶಗಳಿಂದ ಬಂದಿವೆ. ಹೆಚ್ಚು ಬಲದ್ದೆಂದು ಜನ ಕೇಳಿ ಪಡೆಯುವ ಔಷಧ ಈ ರೋಗದಲ್ಲಿ ಕಡಿಮೆ ಭರವಸೆಯದ್ದು.

ನಿಜವಾದ ಬೆಲೆ ತೆರುವುದು ಟೈಫಾಯ್ಡ್ ರೋಗಿಗಳು. ಭಾರತದಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾ ಸಿಪ್ರೊಫ್ಲಾಕ್ಸಸಿನ್ ಗುಂಪಿನ ಔಷಧಗಳಿಗೆ ಬಗ್ಗುವುದನ್ನು ಬಹುಮಟ್ಟಿಗೆ ನಿಲ್ಲಿಸಿದೆ. ಆಸ್ಪತ್ರೆಗೆ ಸೇರಿಸದೆ ಬಾಯಿಯ ಮೂಲಕ ಕೊಟ್ಟು ಗುಣಪಡಿಸಲು ವೈದ್ಯರು ಈಗ ನೆಚ್ಚಿಕೊಂಡಿರುವುದು ಮುಖ್ಯವಾಗಿ ಎರಡು ಔಷಧಗಳನ್ನು: ಅಜಿಥ್ರೊಮೈಸಿನ್ ಮತ್ತು ಸೆಫಿಕ್ಸಿಮ್. ಗಂಟಲು ನೋವಿಗೆ ನಾವು ಧಾರಾಳವಾಗಿ ಖರ್ಚು ಮಾಡುತ್ತಿರುವುದೂ ಇವೇ ಎರಡನ್ನು. ಅಜಿಥ್ರೊಮೈಸಿನ್‌ಗೆ ಬಗ್ಗದ ಟೈಫಾಯ್ಡ್ ಬ್ಯಾಕ್ಟೀರಿಯಾ ಬಾಂಗ್ಲಾದೇಶ, ಪಾಕಿಸ್ತಾನ ಮತ್ತು ಭಾರತದಲ್ಲಿ ಈಗಾಗಲೇ ವರದಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆ್ಯಂಟಿಬಯಾಟಿಕ್‌ಗಳನ್ನು ವಿಂಗಡಿಸುತ್ತಾ ಬಂದಿರುವ ಪಟ್ಟಿಯಲ್ಲಿ ಅಮಾಕ್ಸಿಸಿಲಿನ್, ಸೆಫಲೆಕ್ಸಿನ್ ಮೊದಲು ಬಳಸಬಹುದಾದ ಗುಂಪಿನಲ್ಲಿವೆ, ಅಜಿಥ್ರೊಮೈಸಿನ್ ಮತ್ತು ಸೆಫಿಕ್ಸಿಮ್ ನಿಗಾ ಇಟ್ಟು ಬಳಸಬೇಕಾದ ಗುಂಪಿನಲ್ಲಿವೆ. ನಮ್ಮ ಕಾನೂನಿನಲ್ಲಿ ಮಾತ್ರ ಇವೆರಡಕ್ಕೂ ಸಮಾನ ಕಟ್ಟುನಿಟ್ಟಿಲ್ಲ: 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1ರ ಪ್ರಕಾರ ಸೆಫಿಕ್ಸಿಮ್ ಕೊಟ್ಟರೆ ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು, ಅಜಿಥ್ರೊಮೈಸಿನ್ ಆ ಪಟ್ಟಿಯಲ್ಲಿ ಇರಲಿಲ್ಲ, ಅದಕ್ಕೆ ಚೀಟಿ ಕಡ್ಡಾಯವೆಂಬ ಮಾಮೂಲಿ ನಿಯಮವಷ್ಟೇ. ಪಕ್ಕದ ಕೇರಳ 2024ರಲ್ಲಿ ಚೀಟಿಯಿಲ್ಲದ ಆ್ಯಂಟಿಬಯಾಟಿಕ್ ಮಾರಾಟ ತಡೆಯಲು ಔಷಧ ಅಂಗಡಿಗಳ ಮೇಲೆ ವಿಶೇಷ ತಪಾಸಣೆ ಆರಂಭಿಸಿತು.

ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ, ಅಂದರೆ ಎಲ್ಲರ ಬಾಯಲ್ಲಿರುವ ‘625’ಕ್ಕೆ, ಒಂದು ನ್ಯಾಯವಾದ ಜಾಗವಿದೆ. ಪೂರ್ತಿ ಕೋರ್ಸ್ ತೆಗೆದುಕೊಂಡ ಮೇಲೂ ಪರೀಕ್ಷೆಯಿಂದ ಖಚಿತವಾದ ಸೋಂಕು ಬೇಗನೆ ಮರಳಿದಾಗ, ಮೇಲೆ ಹೇಳಿದ ಬೀಟಾ-ಲ್ಯಾಕ್ಟಮೇಸ್ ಕಿಣ್ವವನ್ನು ಕಟ್ಟಿಹಾಕಲು ಕ್ಲಾವುಲನೇಟ್ ಬೇಕು. ಕೋಶದೊಳಗೂ ಚೆನ್ನಾಗಿ ಇಳಿಯುವ ಕ್ಲಿಂಡಮೈಸಿನ್ ಇನ್ನೊಂದು ದಾರಿ. ಮೊದಲ ಸಲದ ಗಂಟಲು ನೋವಿಗೇ 625 ಬರೆದರೆ ಸಿಗುವುದು ಹೆಚ್ಚುವರಿ ಭೇದಿ, ಹೆಚ್ಚುವರಿ ಬಿಲ್ಲು. ವಾಹಕ ಸ್ಥಿತಿಯನ್ನು ಹೋಗಲಾಡಿಸಲು ಪೆನಿಸಿಲಿನ್ ಜೊತೆ ಕೆಲವು ದಿನ, ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್ ಕೊಡುವ ಸಲಹೆ ಅಮೆರಿಕದ ಮಾರ್ಗಸೂಚಿಯಲ್ಲಿದೆ. ಕ್ಷಯ ಇಷ್ಟು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಅದನ್ನು ಗಂಟಲಿಗೆ ಬಳಸದಿರುವುದೇ ವಿವೇಕ.

ಎಷ್ಟು ದಿನ ಎಂಬ ಪ್ರಶ್ನೆಗೆ ಬಂದರೆ ಯುರೋಪಿನ ಉತ್ತರ ನಮಗೆ ಹೊಂದುವುದಿಲ್ಲ. ಸ್ವೀಡನ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದು, ದಿನಕ್ಕೆ ನಾಲ್ಕು ಸಲದಂತೆ ಐದು ದಿನ ಕೊಟ್ಟ ಪೆನಿಸಿಲಿನ್ ವಿ ರೋಗಲಕ್ಷಣ ಗುಣಪಡಿಸುವುದರಲ್ಲಿ ಹತ್ತು ದಿನದ ಕೋರ್ಸಿಗಿಂತ ಕಡಿಮೆಯೇನಲ್ಲ ಎಂದು ತೋರಿಸಿತು. ಗಂಟಲಿನಿಂದ ಬ್ಯಾಕ್ಟೀರಿಯಾವನ್ನು ತೊಲಗಿಸುವುದರಲ್ಲಿ ಮಾತ್ರ ಹತ್ತು ದಿನದ್ದೇ ಮುಂದಿತ್ತು. ಸ್ವೀಡನ್‌ನಲ್ಲಿ ರುಮ್ಯಾಟಿಕ್ ಜ್ವರ ಬಹುತೇಕ ಇಲ್ಲ, ಹಾಗಾಗಿ ಅವರಿಗೆ ಲಕ್ಷಣ ಹೋದರೆ ಸಾಕು. ಇಲ್ಲಿ ಹಾಗಲ್ಲ. ಗಂಟಲಿನಿಂದ ಹೃದಯದ ಕವಾಟಕ್ಕೆ ಇಳಿಯುವ ಈ ರೋಗ ನಮ್ಮಲ್ಲಿ ಇನ್ನೂ ಜೀವಂತವಾಗಿದೆ. ಕಿರಿದಾದ ಮೈಟ್ರಲ್ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿರುವುದು ಅದಕ್ಕೇ. ರುಮ್ಯಾಟಿಕ್ ಜ್ವರದ ಅಪಾಯ ಹೆಚ್ಚಿರುವ ಕಡೆ ಹತ್ತು ದಿನ ಎಂದೇ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆ್ಯಂಟಿಬಯಾಟಿಕ್ ಕಡಿಮೆ ಮಾಡಿ ಎನ್ನುವ ಉಪದೇಶವನ್ನು ನಾವು ಅರ್ಥ ಮಾಡಿಕೊಳ್ಳಬೇಕಾದ ರೀತಿ ಇದು: ಬೇಡದವರಿಗೆ ಒಂದು ಮಾತ್ರೆಯೂ ಬೇಡ, ಬೇಕಾದವರಿಗೆ ಹತ್ತು ದಿನದಲ್ಲಿ ಒಂದು ದಿನವೂ ಕಡಿಮೆಯಾಗಬಾರದು. ಈಗ ನಡೆಯುತ್ತಿರುವುದು ಎಲ್ಲರಿಗೂ ಮೂರು ದಿನ.

ಮತ್ತೆ ಮತ್ತೆ ಬರುವ ಗಂಟಲು ನೋವೆಲ್ಲ ಸೋಂಕಲ್ಲ ಎಂಬುದನ್ನೂ ಹೇಳಬೇಕು. ಮೂರರಿಂದ ಆರು ವಾರಕ್ಕೊಮ್ಮೆ, ಕ್ಯಾಲೆಂಡರ್ ನೋಡಿಕೊಂಡು ಬಂದಂತೆ ಜ್ವರ, ಬಾಯಿಹುಣ್ಣು, ಟಾನ್ಸಿಲ್ ಊತ ಬಂದು ಯಾವ ಆ್ಯಂಟಿಬಯಾಟಿಕ್‌ಗೂ ಜಗ್ಗದೆ ತಾನಾಗಿ ಇಳಿಯುತ್ತಿದ್ದರೆ ಅದು 1987ರಲ್ಲಿ ಮೊದಲು ವಿವರಿಸಲಾದ, ಪಿಎಫ್‌ಎಪಿಎ ಎಂಬ ಹೆಸರಿನ ಆವರ್ತ ಜ್ವರವಿರಬಹುದು. ದೂಳು, ಪರಾಗದ ಅಲರ್ಜಿಯಿಂದ ಮೂಗು ಕಟ್ಟಿ ರಾತ್ರಿಯೆಲ್ಲ ಬಾಯಲ್ಲೇ ಉಸಿರಾಡುವವರಿಗೆ ಬೆಳಗಾಗುತ್ತಲೇ ಗಂಟಲು ಕೆರೆಯುವುದು, ಹೊಟ್ಟೆಯ ಆಮ್ಲ ಮೇಲೇರಿ ಗಂಟಲು ಸುಡುವುದು ಈ ನಗರದಲ್ಲಿ ದಿನನಿತ್ಯದ ದೂರು. ಇವಕ್ಕೆ ಬೇರೆಯೇ ಚಿಕಿತ್ಸೆ.

ಟಾನ್ಸಿಲ್ ತೆಗೆಸುವ ಪ್ರಶ್ನೆ ಏಳುವುದು ಇಷ್ಟೆಲ್ಲ ಆದ ಮೇಲೆ. ಪಿಟ್ಸ್‌ಬರ್ಗ್‌ನ ಮಕ್ಕಳ ತಜ್ಞ ಜ್ಯಾಕ್ ಪ್ಯಾರಡೈಸ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಬಂದ ಅಳತೆಯೇ ಈಗಲೂ ನಡೆಯುತ್ತಿದೆ: ಒಂದೇ ವರ್ಷದಲ್ಲಿ ಏಳು ಸಲ, ಅಥವಾ ಸತತ ಎರಡು ವರ್ಷ ವರ್ಷಕ್ಕೆ ಐದು, ಅಥವಾ ಸತತ ಮೂರು ವರ್ಷ ವರ್ಷಕ್ಕೆ ಮೂರು. ಲೆಕ್ಕಕ್ಕೆ ಬರಬೇಕಾದರೆ ಪ್ರತಿ ಸಲವೂ ಗಂಟಲು ನೋವಿನ ಜೊತೆಗೆ 101 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ಕತ್ತಿನ ಗಂಟು, ಟಾನ್ಸಿಲ್ ಮೇಲೆ ಕೀವು, ಸ್ಟ್ರೆಪ್ಟೊಕಾಕಸ್ ಪರೀಕ್ಷೆ ಪಾಸಿಟಿವ್ ಇವುಗಳಲ್ಲಿ ಒಂದಾದರೂ ಇದ್ದು, ಅದು ವೈದ್ಯರ ಬರಹದಲ್ಲಿ ದಾಖಲಾಗಿರಬೇಕು. ಈ ಮಟ್ಟ ಮುಟ್ಟದ ಮಕ್ಕಳಲ್ಲಿ ಶಸ್ತ್ರಚಿಕಿತ್ಸೆಯ ಲಾಭ ಅಲ್ಪ, ಕಾದು ನೋಡಿದರೆ ಅನೇಕರಲ್ಲಿ ತಾನಾಗಿ ಕಡಿಮೆಯಾಗುತ್ತದೆ. ದೊಡ್ಡವರ ವಿಷಯದಲ್ಲಿ ಬ್ರಿಟನ್‌ನ 27 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ವರ್ಷಗಳ ಅವಧಿಯಲ್ಲಿ ಟಾನ್ಸಿಲ್ ತೆಗೆಸಿಕೊಂಡವರು ಗಂಟಲು ನೋವು ಅನುಭವಿಸಿದ್ದು ಮಧ್ಯಮ ಲೆಕ್ಕದಲ್ಲಿ 23 ದಿನ, ತೆಗೆಸದವರು 30 ದಿನ. ಶಸ್ತ್ರಚಿಕಿತ್ಸೆಯ ನೋವಿನ ದಿನಗಳೂ ಆ 23ರಲ್ಲಿ ಸೇರಿವೆ. ಬೆಂಗಳೂರಿನ ಮನೆಗಳಲ್ಲಿ ಈ ಲೆಕ್ಕ ಹಾಕಲು ಹೊರಟರೆ ಎದುರಾಗುವ ಅಡ್ಡಿ ತೀರ ಸರಳವಾದದ್ದು: ಒಂದು ಸಲ ಮಕ್ಕಳ ವೈದ್ಯರು, ಇನ್ನೊಂದು ಸಲ ಬೀದಿ ಕೊನೆಯ ಕ್ಲಿನಿಕ್, ಮತ್ತೊಂದು ಸಲ ನೇರ ಮೆಡಿಕಲ್ ಸ್ಟೋರ್ ಎಂದು ಹಂಚಿಹೋದ ವರ್ಷದಲ್ಲಿ ಎಷ್ಟು ಸಲ ಬಂದಿತ್ತು, ಆಗ ಜ್ವರ ಎಷ್ಟಿತ್ತು, ಎಷ್ಟು ದಿನ ಯಾವ ಔಷಧ ಹೋಯಿತು ಎಂಬುದು ಒಂದೇ ಕಡೆ ಎಲ್ಲೂ ಬರೆದಿರುವುದಿಲ್ಲ. ಇಎನ್‌ಟಿ ತಜ್ಞರ ಮುಂದೆ ಕೂತಾಗ ಹೆಚ್ಚು ಉಪಯೋಗಕ್ಕೆ ಬರುವುದು ದುಬಾರಿ ರಕ್ತಪರೀಕ್ಷೆಗಳ ಕಡತಕ್ಕಿಂತ ದಿನಾಂಕ, ಜ್ವರದ ಅಂಕಿ ಮತ್ತು ಮಾತ್ರೆಯ ಹೆಸರು ಬರೆದಿಟ್ಟ ಒಂದು ಹಾಳೆ.